ಕಾಲೇಜು ನೋಡುವ ಶಾಸ್ತ್ರ

ನನ್ನ ಬಳೆಗಳ ನಡುವೆ ಯಾವಾಗಲೂ ಏಳೆಂಟು ಪಿನ್ನುಗಳು ನೇತಾಡುತ್ತಿರುತ್ತವೆ. ಮಾನ್ವಿಯ ನಮ್ಮ ಹೈಸ್ಕೂಲಿನಲ್ಲಿ ಯಾರದಾದರೂ ಚಪ್ಪಲಿಯ ಬಾರು ಕಿತ್ತರೆ, ಬ್ಯಾಗಿನ ಜಿಪ್ಪು ಕೈಕೊಟ್ಟರೆ, ಮೊದಲು ನೆನಪಾಗುವವಳು ನಾನು. "ಸಾವಿತ್ರಿ ಮೇಡಂ ಅಂದ್ರ ನಡದಾಡೋ ಪಿನ್ನಿನ ಅಂಗಡಿ ನೋಡ್ರಿ" ಎಂದು ಹಿಂದಿ ಮಾಸ್ತರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಅವರ ಅಂಗಿಯ ಗುಂಡಿ ಹಾರಿದ ದಿನ ಪಿನ್ನು ಕೊಟ್ಟು ಮಾನ ಕಾಯ್ದವಳೂ ನಾನೇ.

ಈ ಚಟ ಅಂಟಿದ್ದು ಕಾಲೇಜಿನಲ್ಲಿ. ರಾಯಚೂರಿನಲ್ಲಿ ನಾನು ಓದಿದ ಹೆಣ್ಣುಮಕ್ಕಳ ಕಾಲೇಜನ್ನು ಒಂದು ಮಠ ನಡೆಸುತ್ತಿತ್ತು. ನಾವೆಲ್ಲ ಮಠದ ಕಾಲೇಜು ಎಂದೇ ಕರೆಯುತ್ತಿದ್ದೆವು, ಇಲ್ಲಿಯೂ ಹಾಗೇ ಕರೆಯುತ್ತೇನೆ. ಬೆಳಿಗ್ಗೆ ಗೇಟಿನಲ್ಲಿ ಬಿಳಿ ಸೀರೆಯುಟ್ಟ ಮಠದ ಒಬ್ಬ ಅಕ್ಕ ನಿಂತಿರುತ್ತಿದ್ದಳು. ಎರಡು ಜಡೆ ಮಡಚಿ ಕಟ್ಟಿರಬೇಕು, ಹಣೆಯ ಮೇಲೆ ವಿಭೂತಿ ಇರಬೇಕು, ಓಢಣಿಗೆ ಎರಡೂ ಹೆಗಲಿನಲ್ಲಿ ಪಿನ್ನಿರಬೇಕು. ಒಂದು ಪಿನ್ನು ಕಡಿಮೆಯಾದರೂ ಪ್ರಾರ್ಥನೆ ಮುಗಿಯುವತನಕ ಗೇಟಿನ ಹೊರಗೆ ನಿಲ್ಲಬೇಕಿತ್ತು. ಎದುರಿನ ಚಹಾದಂಗಡಿಯವರೆಲ್ಲ ನೋಡುತ್ತಿದ್ದರಲ್ಲ, ಆ ನಾಚಿಕೆಗೆ ಒಮ್ಮೆ ನಾನು ಬಳೆಗೆ ಹನ್ನೆರಡು ಪಿನ್ನು ಸಿಕ್ಕಿಸಿಕೊಂಡು ಹೋದೆ. ಅಂದಿನಿಂದ ನನ್ನ ಹಿಂದೆ ನಿಂತ ಹುಡುಗಿಯರಿಗೆ ನಾನೇ ಗತಿಯಾದೆ.

ನನ್ನನ್ನು ಆ ಕಾಲೇಜಿಗೆ ಹಚ್ಚಿದ ಕಥೆಯೂ ಹೇಳುವಂಥದ್ದೇ. ನಮ್ಮಪ್ಪ ಚಂದ್ರಬಂಡದಲ್ಲಿ ಕುರಿ ಕಾಯ್ದವನು. ಅಕ್ಷರ ಗೊತ್ತಿರಲಿಲ್ಲ. ಕಾಲೇಜು ನೋಡಲು ಬಂದವನು ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು, ಆಫೀಸಿಗೆ ಹೋಗದೆ ಮೊದಲು ಕಾಂಪೌಂಡ್ ಗೋಡೆಯನ್ನು ಸುತ್ತು ಹಾಕಿದ. ಎಲ್ಲಾದರೂ ತೋಳ ನುಗ್ಗುವಂಥ ಸಂದು ಬಿಟ್ಟಿದೆಯೋ, ಕಲ್ಲು ಸಡಿಲಾಗಿದೆಯೋ ಎಂದು ಕೋಲಿನಿಂದ ತಟ್ಟಿ ತಟ್ಟಿ ನೋಡಿದ. ಸುತ್ತು ಮುಗಿಸಿ ಬಂದು, "ತ್ವಾಳ ಹಾರಂಗಿಲ್ಲ. ಹಚ್ಚೋಣು" ಅಂದ. ಅಷ್ಟೇ ನೋಡಿ ನನ್ನ ಅಡ್ಮಿಷನ್ನು. ಒಳಗೆ ಏನು ಕಲಿಸುತ್ತಾರೆ ಎಂದು ಅಪ್ಪ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಪ್ಪನೊಬ್ಬನೇ ಅಲ್ಲ, ಸುತ್ತಲಿನ ಹಳ್ಳಿಗಳೆಲ್ಲ ಆ ಕಾಲೇಜನ್ನು ತೂಗುತ್ತಿದ್ದುದು ಅದೇ ತಕ್ಕಡಿಯಲ್ಲಿ. ಮಠದ ಕಾಲೇಜಿನ ಹೆಣ್ಣು ಅಂದರೆ ಬೀಗರು ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಓದು ಹೇಗಿತ್ತು ಎಂದು ಯಾರಾದರೂ ಕೇಳಿದ್ದರೆ ನಾನಾದರೂ ಏನು ಹೇಳುತ್ತಿದ್ದೆನೋ! ಕನ್ನಡ ಕಲಿಸುತ್ತಿದ್ದ ಹಿರಿಯರು ಹೆಣ್ಣುಮಕ್ಕಳ ಮುಖ ನೋಡಬಾರದೆಂದು ಮೂರು ವರ್ಷವೂ ಫ್ಯಾನನ್ನು ನೋಡುತ್ತ ಪಾಠ ಮಾಡಿದರು. ಆದರೆ ಕಿವಿ ಎಷ್ಟು ಚುರುಕೆಂದರೆ, ಹಾಜರಿಗೆ ಒಬ್ಬಳ ಬದಲು ಇನ್ನೊಬ್ಬಳು "ಎಸ್ ಸರ್" ಅಂದರೆ, ಫ್ಯಾನು ನೋಡುತ್ತಲೇ "ನೀ ಗಂಗಮ್ಮ ಅಲ್ಲ, ಕುಂದ್ರು" ಅನ್ನುತ್ತಿದ್ದರು. ಅವರು ಕಲಿಸಿದ ಪದ್ಯಗಳೆಲ್ಲ ನನಗೆ ಇಂದಿಗೂ ಬಾಯಿಪಾಠ.

ಕೆಮಿಸ್ಟ್ರಿಗೆ ಶಾಂತಕ್ಕ ಇದ್ದರು. ಅವರೂ ಬಿಳಿ ಸೀರೆ, ವಿಭೂತಿ, ಬಾಯಿ ಬಿಟ್ಟರೆ ಬೈಗುಳ. ಹನಿ ಅಳೆದು ಬಿಡುವ ಗಾಜಿನ ಕೊಳವೆ ಇರುತ್ತದಲ್ಲ, ಲ್ಯಾಬಿನಲ್ಲಿ ಇದ್ದದ್ದು ಅಂಥ ಒಂದು ಬ್ಯೂರೆಟ್ಟು, ಅದೂ ತುದಿ ಒಡೆದದ್ದು. ಬಾಟಲಿಗಳು ಇದ್ದವು, ಒಳಗೆ ಏನೂ ಇರಲಿಲ್ಲ. ಔಷಧ, ಅಂದರೆ ರಾಸಾಯನಿಕ, ತರಿಸಿರೆಂದು ಅವರು ಕಾಲೇಜಿನ ಕಾರ್ಯದರ್ಶಿಗಳಿಗೆ ಎಷ್ಟೋ ಸಲ ಬರೆದುಕೊಟ್ಟರಂತೆ. ಹೆಣ್ಣುಮಕ್ಕಳು ಆಸಿಡ್ ಮುಟ್ಟಿ ಮುಖ ಸುಟ್ಟುಕೊಂಡರೆ ಯಾರು ಹೊಣೆ ಎಂದು ಅವರ ಉತ್ತರ. ಶಾಂತಕ್ಕ ಸುಮ್ಮನಿರುವ ಪೈಕಿ ಅಲ್ಲ. ದವಾಖಾನೆಯಿಂದ ಸಲೈನ್ ಪೈಪು ಬೇಡಿ ತಂದು, ತೊಳೆದು, ಕಿಟಕಿಯ ಸರಳಿಗೆ ಬಾಟಲಿ ನೇತುಹಾಕಿ ಅದನ್ನೇ ಬ್ಯೂರೆಟ್ಟು ಮಾಡಿದರು. ಕೆಳಗೆ ಗಾಜಿನ ಲೋಟದಲ್ಲಿ ನಿಂಬೆರಸಕ್ಕೆ ಚಿಟಿಕೆ ಅರಿಶಿನ. ಮೇಲಿನಿಂದ ಸುಣ್ಣದ ತಿಳಿ ಹನಿಹನಿಯಾಗಿ ಬೀಳಬೇಕು. ಹಳದಿ ನೀರು ಕೆಂಪಾಯಿತೆಂದರೆ ಹುಳಿ ಮುಗಿಯಿತು ಎಂದರ್ಥ. ನಮಗೆ ಬಲು ಖುಷಿ. ಅರಿಶಿನ-ಸುಣ್ಣ ಕೂಡಿಸಿ ಕೆಂಪು ನೀರು ಮಾಡಿ ಮದುಮಕ್ಕಳಿಗೆ ಆರತಿ ಎತ್ತಿದ ಕೈಗಳಲ್ಲವೇ ನಮ್ಮವು! ಆರತಿಯ ನೀರು ತೆಳ್ಳಗಾದರೆ ಮನೆಯ ಹಿರಿಯರು ಬೈಯುತ್ತಾರೆ, ಕುಂಕುಮದಂತೆ ಗಟ್ಟಿ ಕೆಂಪಾಗಬೇಕು. ಹಾಗೇ ನಾವು ಗಟ್ಟಿ ಕೆಂಪಾಗುವತನಕ ಹನಿ ಬಿಡುತ್ತಿದ್ದೆವು.

ಪರೀಕ್ಷೆಗೆ ಗುಲ್ಬರ್ಗಾದಿಂದ ಒಬ್ಬ ಪರೀಕ್ಷಕರು ತಮ್ಮ ಔಷಧಗಳನ್ನೆಲ್ಲ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದರು. ಈ ಸಲ ಅರಿಶಿನವಿಲ್ಲ, ನಿಜವಾದ ಔಷಧ. ಅದರಲ್ಲಿ ಬಣ್ಣ ತಿಳಿಗುಲಾಬಿ ಬಂದ ಕ್ಷಣವೇ ನಿಲ್ಲಿಸಬೇಕು, ಒಂದು ಹನಿ ಹೆಚ್ಚಾದರೂ ಲೆಕ್ಕ ತಪ್ಪು. ನಾವು ನಿಲ್ಲಿಸುತ್ತೇವೆಯೇ? ಗುಲಾಬಿ ಬಂತು, ಬಿಟ್ಟೆವು. ಇನ್ನೂ ಗಟ್ಟಿಯಾಯಿತು, ಬಿಟ್ಟೆವು. ಪರೀಕ್ಷಕರು ಹಿಂತಿರುಗಿ ನೋಡಿದರೆ ಸಾಲಾಗಿ ನಿಂತ ಹುಡುಗಿಯರ ಕೈಯಲ್ಲೆಲ್ಲ ಕಡುಗೆಂಪು ನೀರು.

"ಏನ್ರವ್ವಾ, ಯಾರ ಲಗ್ನ ಅದ ಇಲ್ಲೆ? ಎಲ್ಲಾರೂ ಆರತಿ ಹಿಡಕೊಂಡು ನಿಂತೀರಲ್ಲ!"

ನಾವು ಅಳುವುದೊಂದು ಬಾಕಿ. ಆಗ ಶಾಂತಕ್ಕ ಮುಂದೆ ಬಂದರು. ಪರೀಕ್ಷಕರ ಸನ್ಮಾನಕ್ಕೆಂದು ಕಾರ್ಯದರ್ಶಿಗಳು ಶಾಲು, ತೆಂಗಿನಕಾಯಿ ಹಿಡಿದು ಅಲ್ಲೇ ನಿಂತಿದ್ದರು.

"ಸರ್, ತಪ್ಪು ಹುಡುಗ್ಯಾರದಲ್ರಿ. ಇಲ್ಲೆ ಔಷಧ ಇಲ್ಲ. ನಾ ಅರಿಷಿಣದಾಗ ಕಲಿಸೀನಿ. ಅವರು ನಾ ಕಲಿಸಿದಂಗ ಮಾಡ್ಯಾರ" ಅಂದರು.

ಪರೀಕ್ಷಕರು ಒಮ್ಮೆ ತಾವೇ ಮಾಡಿ ತೋರಿಸಿ, ಎಲ್ಲರಿಗೂ ಇನ್ನೊಂದು ಅವಕಾಶ ಕೊಟ್ಟರು. ನಾವು ಪಾಸಾದೆವು. ಶಾಂತಕ್ಕನನ್ನು ಮಾತ್ರ ಮುಂದಿನ ವರ್ಷ ಮಠದ ಪ್ರೈಮರಿ ಶಾಲೆಗೆ ಕಳಿಸಿದರು. ಹೊರಗಿನವರ ಮುಂದೆ ಮನೆಯ ಮಾತು ಆಡಿದರಲ್ಲ, ಅದಕ್ಕೆ. ನಾನು ಇವತ್ತು ನಾಲ್ಕು ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದರೆ ಅದು ಆ ಬೈಗುಳದ ಬಾಯಿಯ ಪುಣ್ಯ. ಹಾಗೆಂದು ಆ ಗೋಡೆಯ ಋಣವನ್ನೂ ಮರೆಯಲಾರೆ. ಅಷ್ಟು ಎತ್ತರದ ಗೋಡೆ ಇರದಿದ್ದರೆ ಅಪ್ಪ ನನ್ನನ್ನು ಕಳಿಸುತ್ತಲೇ ಇರಲಿಲ್ಲ.

ಇಷ್ಟೆಲ್ಲ ಈಗ ನೆನಪಾಗಲು ಕಾರಣ ಹುಲಿಗೆಮ್ಮ. ನನ್ನ ತಂಗಿಯನ್ನು ದೇವದುರ್ಗ ತಾಲೂಕಿನ ಮಸರಕಲ್ಲಿಗೆ ಕೊಟ್ಟಿದೆ. ಹುಲಿಗೆಮ್ಮ ಅವಳ ಮಗಳು, ನಮಗೆಲ್ಲ ಹುಲಿಗಿ. ಈ ವರ್ಷ ಪಿಯುಸಿ ಸೈನ್ಸ್ ಒಳ್ಳೆಯ ಅಂಕಗಳಲ್ಲಿ ಪಾಸಾದಳು. ಮಣ್ಣು ಪರೀಕ್ಷೆ ಮಾಡುವ ಕೆಲಸ ಹಿಡಿಯಬೇಕು, ಅದಕ್ಕೆ ಕೆಮಿಸ್ಟ್ರಿ ಓದಬೇಕು ಎಂದು ಹಟ. ಅವಳಪ್ಪ ಅಮರೇಶ ಕೆಟ್ಟವನಲ್ಲ. ಮದುವೆಯಾದಾಗಿನಿಂದ ಹೊಲಕ್ಕೆ ಬೀಜ ತರುವುದಿರಲಿ, ದವಾಖಾನೆಗೆ ಹೋಗುವುದಿರಲಿ, "ಅಕ್ಕಾರನ್ನ ಒಂದು ಮಾತು ಕೇಳೋಣು" ಎಂದು ನನಗೆ ಫೋನ್ ಹಚ್ಚುವವನು. ಆದರೆ ಮಗಳ ವಿಷಯದಲ್ಲಿ ಒಂದೇ ಮಾತು: "ಮಠದ ಕಾಲೇಜಾದ್ರ ಕಳಸ್ತೀನಿ. ಅದೂ ಓದು ಛಲೋ ಅದ ಅಂತ ಅಕ್ಕಾರ ಅಂದ್ರ. ಇಲ್ಲಂದ್ರ ಮನ್ಯಾಗಿರಲಿ."

ಹುಲಿಗಿ ಮರುದಿನವೇ ನನಗೆ ಫೋನ್ ಮಾಡಿದಳು.

"ದೊಡ್ಡವ್ವಾ, ಅಪ್ಪ ಕೇಳ್ತಾನ. ಛಲೋ ಅದ ಅಂತ ಅನ್ನು."

"ಈಗ ಅಲ್ಲೆ ಹೆಂಗ ಕಲಸ್ತಾರೋ ನಂಗ ಗೊತ್ತಿಲ್ಲವ್ವಾ. ಖರೇ ಕೆಮಿಸ್ಟ್ರಿ ಬೇಕಂದ್ರ ಬ್ಯಾರೆ ಕಡಿ ನೋಡಬೇಕು."

"ಬ್ಯಾರೆ ಕಡಿ ಅಪ್ಪ ಕಳಸಂಗಿಲ್ಲ, ನಿಂಗ ಗೊತ್ತಿಲ್ಲೇನು? ನೀ ಬ್ಯಾಡ ಅಂದ್ರ ನಂದು ಮುಗೀತು. ಅನ್ನು ದೊಡ್ಡವ್ವಾ, ನಿನ್ನ ಕಾಲಿಗೆ ಬೀಳ್ತೀನಿ."

ಆಯಿತು, ಅನ್ನುತ್ತೇನೆ ಅಂದೆ.

ಆ ಸೋಮವಾರ ನಾವೆಲ್ಲ ರಾಯಚೂರಿನಲ್ಲಿ ಕೂಡಿದೆವು. ಅಮರೇಶ ಮಗಳನ್ನು ಕರೆದುಕೊಂಡು ಬಂದ. ಚಂದ್ರಬಂಡದಿಂದ ಅಣ್ಣನ ಮಗನ ಮೋಟರ್ ಸೈಕಲ್ಲಿನ ಮೇಲೆ ನಮ್ಮವ್ವ ಬಂದು ಇಳಿದಳು. ಅವಳನ್ನು ಯಾರೂ ಕರೆದಿರಲಿಲ್ಲ. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಮನೆ ನೋಡಲು ಹಿರಿಯರು ಹೋಗುವ ಪದ್ಧತಿಯಿದೆ. ನೇರವಾಗಿ ಮನೆಗೆ ಹೋಗುವುದಿಲ್ಲ. ಮೊದಲು ಓಣಿಯ ಬಾಯಿಯಲ್ಲಿ ಕುಳಿತು ನಾಲ್ಕು ಮಂದಿಯನ್ನು ವಿಚಾರಿಸಬೇಕು. ಅವ್ವ ಕಾಲೇಜಿಗೂ ಅದೇ ಶಾಸ್ತ್ರ ಹಚ್ಚಿದಳು. ಗೇಟಿನ ಎದುರು ಹೂ ಮಾರುವವಳ ಪಕ್ಕದಲ್ಲಿ ಕಾಲು ಚಾಚಿ ಕುಳಿತೇಬಿಟ್ಟಳು.

"ಯವ್ವಾ, ಈ ಹುಡುಗ್ಯಾರು ಹೆಂಗ? ಊಟಕ್ಕ ಏನು ಹಾಕ್ತಾರ? ಬಾಯಿ ಮಾಡ್ತಾರೇನು?"

"ನಂಗೇನು ಗೊತ್ತಬೇ! ಅವರು ಹೂ ಮುಡಿಯಂಗಿಲ್ಲ, ಗೇಟ್ ದಾಟಿ ಬರಂಗಿಲ್ಲ. ನಾ ಇಲ್ಲೆ ಯಾಕ ಕುಂತೀನಂತ ನಂಗೇ ತಿಳಿವಲ್ದು" ಅಂದಳು ಹೂವಿನವಳು.

ಅವ್ವನಿಗೆ ಈ ಉತ್ತರ ಬಹಳ ಹಿಡಿಸಿತು. ಅಷ್ಟರಲ್ಲಿ ಅಮರೇಶ ಗೋಡೆ ಸುತ್ತಿ ಬಂದಿದ್ದ. ನಮ್ಮಪ್ಪನ ಅಳಿಯ ಎಂದು ಯಾರೂ ಹೇಳಬೇಕಿರಲಿಲ್ಲ. ಗೋಡೆ ಮೊದಲಿಗಿಂತ ಎತ್ತರವಾಗಿತ್ತು, ಮೇಲೆ ಗಾಜಿನ ಚೂರು, ಮೂಲೆಗೊಂದು ಕ್ಯಾಮೆರಾ. ಗೇಟಿನ ಬಳಿ ಕಾಲೇಜಿಗೆ ಉತ್ತಮ ಶ್ರೇಣಿ ಸಿಕ್ಕಿದೆಯೆಂದು ಬಂಗಾರದ ಬಣ್ಣದ ಬೋರ್ಡು. "ಬಂದೋಬಸ್ತ್ ಭಾರಿ ಅದರಿ ಅಕ್ಕಾರ" ಎಂದು ಅವನ ಮುಖ ಅರಳಿತು.

ಪ್ರಿನ್ಸಿಪಾಲರು ವಿನಯವಂತರು. ಹಳೆಯ ವಿದ್ಯಾರ್ಥಿನಿ ಎಂದು ನನಗೆ ಕೈಮುಗಿದು ಚಹಾ ಕೊಡಿಸಿದರು. ಒಬ್ಬ ಹುಡುಗಿಯೂ ಫೇಲಾಗಿಲ್ಲವೆಂದೂ, ಮೊಬೈಲುಗಳನ್ನೆಲ್ಲ ಕೀಲಿ ಹಾಕಿಡುತ್ತೇವೆಂದೂ ಹೇಳಿದರು. ಲ್ಯಾಬ್ ನೋಡಬಹುದೇ ಅಂದೆ. ಕೀಲಿ ಹುಡುಕುವುದರಲ್ಲಿ ಇನ್ನೊಂದು ಸುತ್ತು ಚಹಾ ಆಯಿತು.

ಬಾಗಿಲು ತೆಗೆದರೆ, ಏನು ಹೇಳಲಿ ನಿಮಗೆ! ಗಾಜಿನ ಕಪಾಟುಗಳು, ಸಾಲುಸಾಲು ಹೊಸ ಬ್ಯೂರೆಟ್ಟುಗಳು, ಬಿಳಿ ಕಲ್ಲಿನ ಮೇಜುಗಳು. ಶಾಂತಕ್ಕ ನೋಡಿದ್ದರೆ ಕುಣಿದಾಡಿಬಿಡುತ್ತಿದ್ದರು. ಮರುಕ್ಷಣ ಬೈಯಲು ಶುರುಮಾಡುತ್ತಿದ್ದರು. ಬಾಟಲಿಗಳೆಲ್ಲ ಕತ್ತಿನತನಕ ತುಂಬಿದ್ದವು. ಒಂದರ ಸೀಲೂ ಒಡೆದಿರಲಿಲ್ಲ. ಮೇಜಿನ ಮೇಲೆ ಒಂದು ಕಲೆಯಿಲ್ಲ. ಹುಲಿಗಿ ಒಂದು ಬಾಟಲಿಯ ಮುಚ್ಚಳದ ಮೇಲೆ ಬೆರಳಾಡಿಸಿದಳು.

"ಮುಟ್ಟಬ್ಯಾಡವ್ವಾ, ತಪಾಸಣೆ ಕಮಿಟಿಯವರು ಬರೋರಿದ್ದಾರ" ಅಂದ ಕೀಲಿ ತಂದವನು.

ಅವಳು ಕೈ ಹಿಂದಕ್ಕೆ ತೆಗೆದುಕೊಂಡು ನನ್ನ ಮುಖ ನೋಡಿದಳು. ಇಬ್ಬರಿಗೂ ತಿಳಿಯಿತು. ಅಮರೇಶನಿಗೆ ಮಾತ್ರ ಆನಂದ. "ಎಷ್ಟು ಚೊಕ್ಕ ಇಟ್ಟಾರ್ರೀ! ಅಕ್ಕಾರ, ಓದು ಹೆಂಗ ಅನಸ್ತದ್ರಿ?"

"ಛಲೋ ಅದಪ್ಪಾ" ಅಂದೆ.

ಹುಲಿಗಿ ತಲೆ ತಗ್ಗಿಸಿದಳು. ನಾನು ಮಕ್ಕಳಿಗೆ ಸುಳ್ಳು ಹೇಳಬೇಡಿರೆಂದು ದಿನವೂ ಗದರುವ ಟೀಚರು. ಆದರೂ ಆ ಹೊತ್ತಿನಲ್ಲಿ ನನಗೇನೂ ಅಳುಕಾಗಲಿಲ್ಲ. ಹುಡುಗಿಗೆ ಹೊಸ್ತಿಲು ದಾಟಿಸಿದೆ ಎಂದು ಒಳಗೊಳಗೇ ಬೀಗಿದೆ.

ಹೊರಗೆ ಬೇವಿನ ಮರದ ಕೆಳಗೆ ಮಿರ್ಚಿ ತಿನ್ನುತ್ತ ನಿಂತೆವು. ಅಮರೇಶ ಬಹಳ ಹಗುರಾಗಿದ್ದ. ಮಿರ್ಚಿ ಮುರಿಯುತ್ತ, ಯಾವ ಕುಟಿಲವೂ ಇಲ್ಲದೆ ಕೇಳಿದ.

"ಅಲ್ರೀ ಅಕ್ಕಾರ, ಇಷ್ಟು ಛಲೋ ಕಾಲೇಜು, ನೀವು ಕಲ್ತದ್ದು. ಮತ್ತ ನಿಮ್ಮ ಮಗಳನ್ನ ಇಲ್ಲೆ ಯಾಕ ಹಚ್ಚಲಿಲ್ರಿ?"

ಕೈಯಲ್ಲಿದ್ದ ಮಿರ್ಚಿಯನ್ನು ನಾನು ಮತ್ತೆ ಕಾಗದದ ಮೇಲಿಟ್ಟೆ. ನನ್ನ ಮಗಳು ಇದೇ ಊರಿನಲ್ಲಿ, ಹುಡುಗ ಹುಡುಗಿಯರು ಕೂಡಿ ಓದುವ ಬೇರೆ ಕಾಲೇಜಿನಲ್ಲಿ ಓದಿದವಳು. ಅಲ್ಲಿಯ ಲ್ಯಾಬ್ ಚೆನ್ನಾಗಿದೆ ಎಂದು ಹಟ ಹಿಡಿದು ಸೇರಿಸಿದವಳು ನಾನೇ. ಏನಾದರೂ ನೆಪ ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ. ಅವನು ಉತ್ತರಕ್ಕಾಗಿ ಕಾಯುತ್ತ ನನ್ನನ್ನೇ ನೋಡುತ್ತಿದ್ದ, ಇಷ್ಟು ವರ್ಷ ನೋಡಿದ ಅದೇ ನಂಬಿಕೆಯಿಂದ. ನನಗೆ ನನ್ನ ಮೇಲೇ ಹೇಸಿಕೆಯಾಯಿತು.

"ಅಮರೇಶ, ಸುಳ್ಳು ಹೇಳಿದೆನಪ್ಪಾ. ಆ ಬಾಟ್ಲಿ ಒಂದರ ಸೀಲೂ ಒಡದಿಲ್ಲ. ದಿನಾ ಅಡಿಗಿ ಮಾಡೋ ಮನ್ಯಾಗ ಒಲಿ ಕರ್ರಗಿರ್ತದ, ಗ್ವಾಡಿಗೆ ಎಣ್ಣಿ ಕಲೆ ಇರ್ತದ. ಇಲ್ಲೆ ನೋಡಿದೇನು, ಎಷ್ಟು ಚೊಕ್ಕ ಅದ? ಇಲ್ಲೆ ಒಲಿ ಹಚ್ಚೇ ಇಲ್ಲ. ನನ್ನ ಮಗಳಿಗೆ ಬ್ಯಾಡ ಅಂದದ್ದನ್ನ ನಿನ್ನ ಮಗಳಿಗೆ ಛಲೋ ಅಂದೆ."

"ಮತ್ತ್ಯಾಕ ಅಂದ್ರಿ?"

"ಇಲ್ಲಂದ್ರ ನೀ ಆಕಿನ ಮನ್ಯಾಗ ಕುಂದ್ರಸ್ತಿದ್ದಿ. ಅದಕ್ಕ ಅಂಜಿ ಅಂದೆ."

ಅವನು ಮಗಳ ಕಡೆ ತಿರುಗಿದ. ಅವಳು ಅಳುತ್ತಿದ್ದಳು. "ಇಬ್ರೂ ಕೂಡೇ ಮಾಡೀರಿ" ಅಂದ. ಬಸ್ ಹತ್ತುವಾಗ ಅವ್ವನಿಗೆ "ಬರ್ತೀನ್ರಿ ಅತ್ತಿ" ಅಂದ. ನನ್ನ ಕಡೆ ನೋಡಲಿಲ್ಲ.

ಬಸ್ಸು ದೇವದುರ್ಗದ ದಾರಿ ಹಿಡಿದ ಮೇಲೆ ಅವ್ವ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಖರೇ ಹೇಳಾಕಿ ಮೊದ್ಲೇ ಹೇಳಬೇಕಿತ್ತು. ಸುಳ್ಳು ಹೇಳಾಕಿ ಕಡೀತನಾ ಅದನ್ನೇ ಹೇಳಬೇಕಿತ್ತು. ನೀ ನಡುವ ಬದಲಿಸಿದಿ. ಈಗ ಆ ಪೋರಿ ಎಲ್ಲಿ ಹೋಗಬೇಕಲೇ?" ಶಾಂತಕ್ಕ ನಿಜ ಹೇಳಿ ತಮ್ಮ ನೌಕರಿಗೆ ಕುತ್ತು ತಂದುಕೊಂಡರು. ನಾನು ನಿಜ ಹೇಳಿ ಹುಲಿಗಿಯ ಓದಿಗೆ ಕುತ್ತು ತಂದೆ. ನಿಜ ಹೇಳುವುದರಲ್ಲಿಯೂ ನನಗೆ ಅಷ್ಟೇ ಜಾಣತನ.

ಮಾನ್ವಿಗೆ ಬಂದು ಹದಿನೈದು ದಿನ ಫೋನಿನ ಮೇಲೇ ಕಣ್ಣು. ತಂಗಿಗೆ ಹಚ್ಚಿದರೆ "ಅವರು ಏನೂ ಅನ್ನವಲ್ರು. ದಿನಾ ಮುಂಜಾನೆದ್ದು ಎಲ್ಲೋ ಹೋಗ್ತಾರ" ಅಂದಳು. ಹುಲಿಗಿ ಫೋನಿಗೇ ಬರಲಿಲ್ಲ. ಅಮರೇಶ ಅವಳಿಗೆ ಗಂಡು ನೋಡಲು ತಿರುಗುತ್ತಿದ್ದಾನೆ ಎಂದೇ ನಾನು ತಿಳಿದೆ. ಊಟ ಸೇರಲಿಲ್ಲ. ಕ್ಲಾಸಿನಲ್ಲಿ ಹುಡುಗಿಯರ ಮುಖ ನೋಡಲಾಗದೆ ಒಂದೆರಡು ದಿನ ನಾನೂ ಫ್ಯಾನು ನೋಡುತ್ತ ಪಾಠ ಮಾಡಿದೆ.

ಒಂದು ಮಧ್ಯಾಹ್ನ ಅಮರೇಶನದೇ ಫೋನು.

"ಅಕ್ಕಾರ, ಹುಲಿಗೀನ ಹಚ್ಚೀನ್ರಿ."

"ಎಲ್ಲೆಪ್ಪಾ?"

"ದೇವದುರ್ಗದಾಗ ಒಂದು ಡಿಗ್ರಿ ಕಾಲೇಜಿಗೆ. ದಿನಾ ಬಸ್ಸಿಗೆ ಹೋಗಿ ಬರ್ತಾಳ."

"ಅಲ್ಲೆ ಹುಡುಗರೂ ಇರ್ತಾರಲ್ಲ" ಎಂದು ನಾನೇ ಅಂದುಬಿಟ್ಟೆ. ನನ್ನ ಬಾಯಿಗೆ ಬೀಗವೇ ಇಲ್ಲ ನೋಡಿ.

"ಇರ್ತಾರ್ರಿ. ಊರೂರು ತಿರುಗಿ ನಾಕು ಕಾಲೇಜು ನೋಡಿದೆ. ಎಲ್ಲಾ ಕಡಿ ಲ್ಯಾಬ್ ತೋರಸ್ರಿ ಅಂದೆ. ಇಲ್ಲೆ ಮೇಜೆಲ್ಲಾ ಸುಟ್ಟು ಕಲೆ ಬಿದ್ದಾವು. ಬಾಟ್ಲಿ ಅರ್ಧರ್ಧ ಖಾಲಿ. ಒಬ್ಬ ಹುಡುಗಿ ಕೈ ಬೆರಳಿಗೆ ಪಟ್ಟಿ ಸುತ್ಗೊಂಡಿದ್ಳು. ಇಲ್ಲೆ ದಿನಾ ಒಲಿ ಹತ್ತತದ್ರಿ ಅಕ್ಕಾರ."

"ಗ್ವಾಡಿ ಎಷ್ಟೆತ್ತರ ಅದ?"

"ಗ್ವಾಡಿ ನೋಡೋದು ಮರ್ತೆ ನೋಡ್ರಿ."

ಇಬ್ಬರೂ ನಕ್ಕೆವು. ನನಗೆ ಕಣ್ಣು ತುಂಬಿ ಬಂತು. ಎಲ್ಲ ಮೊದಲಿನಂತಾಯಿತು ಅಂದುಕೊಂಡು, ಬಸ್ಸಿನ ಪಾಸು, ಪುಸ್ತಕ ಎಂದು ಸಲಹೆ ಕೊಡಲು ಶುರುಮಾಡಿದೆ. ಅವನು ಮೆಲ್ಲಗೆ ತಡೆದ.

"ಅಕ್ಕಾರ, ಒಂದು ಮಾತು. ಲಗ್ನ ಆದಾಗಿಂದ ನಿಮ್ಮನ್ನ ಕೇಳದ ನಾ ಏನೂ ಮಾಡಿಲ್ರಿ. ಇನ್ನ ಮ್ಯಾಲೆ ಕೇಳಂಗಿಲ್ಲ. ಸಿಟ್ಟಿಲ್ರಿ. ನಾನೇ ಹೋಗಿ ನೋಡ್ತೀನಿ."

"ಹಂಗೇ ಮಾಡಪ್ಪಾ" ಅಂದೆ.

ಫೋನು ಇಟ್ಟ ಮೇಲೆ ಲೆಕ್ಕ ಹಾಕಿ ನೋಡಿದೆ. ಇಪ್ಪತ್ತು ವರ್ಷದಲ್ಲಿ ಅಮರೇಶ ನನ್ನನ್ನು ಕೇಳದೆ ಮಾಡಿದ ಮೊದಲ ಕೆಲಸ ಅದು. ನನ್ನನ್ನು ಕೇಳಿ ಮಾಡಿದ ಯಾವ ಕೆಲಸವೂ ಅಷ್ಟು ಛಲೋ ಆಗಿರಲಿಲ್ಲ.